ಹಾಲಿನ ಕ್ಯಾನು ಎಲ್ಲಿಕ್ಕೋದು?

"ಪ್ಯಾಟು ಎಷ್ಟು ಬಂತು?"

ಎರಡು ವರ್ಷ ಅಮ್ಮನ ಬೆಳಗು ಹಾಲಿನ ಕೊಬ್ಬಿನ ಅಂಶ ಕೇಳುವ ಈ ಮಾತಿನಿಂದಲೇ ಶುರುವಾಯಿತು. ಚಿಕ್ಕಪ್ಪನ ಮಗ ಆರೂವರೆಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುವನು. ಏಳಕ್ಕೆ ಖಾಲಿ ಕ್ಯಾನಿನೊಂದಿಗೆ ಬೀದಿಯ ತಿರುವಿನಲ್ಲಿ ಅವನು ಕಾಣಿಸಿದ್ದೇ ತಡ, ಜಗಲಿಯ ಮೇಲೆ ಕಾಲು ಚಾಚಿ ಕೂತ ಅಮ್ಮ ಕೇಳುವಳು. "ನಾಲ್ಕು ಪಾಯಿಂಟು ಒಂದು, ದೊಡ್ಡಮ್ಮ" ಅಂತ ಅವನು. "ನಿನ್ನೆ ನಾಲ್ಕು ಪಾಯಿಂಟು ಮೂರು ಇತ್ತಲ್ಲೋ. ಬೂಸಾ ಅದೇ, ಮೇವು ಅದೇ, ಹಸ ಅದೇ. ಎರಡು ಪಾಯಿಂಟು ಎಲ್ಲೋಯ್ತು?" ಅಂತ ಅಮ್ಮ. "ಮಿಷನ್ನು ತೋರಿಸಿದ್ದು ಅದೇ ದೊಡ್ಡಮ್ಮ" ಎಂದು ಅವನು ಕ್ಯಾನು ತೊಳೆಯಲು ಬಚ್ಚಲಿಗೆ ಹೋಗುವನು.

ಹುಡುಗ ಪ್ರಾಮಾಣಿಕ. ಅಮ್ಮನಿಗೂ ಅದು ಗೊತ್ತು. ಅವಳು ಅನುಮಾನಪಡುತ್ತಿದ್ದಾಳೆ ಎಂದು ಬಹಳ ದಿನ ನಾನು ತಪ್ಪು ತಿಳಿದಿದ್ದೆ. ಶನಿವಾರ ಶನಿವಾರ ಕೋಲಾರದಿಂದ ಊರಿಗೆ ಹೋಗಿ, ಭಾನುವಾರದ ಬೆಳಗು ಅವಳ ಪಕ್ಕ ಜಗಲಿಯಲ್ಲಿ ಕೂತು ಕೂತು ಕಡೆಗೊಮ್ಮೆ ನನಗೆ ಅರ್ಥವಾಯಿತು. ಐವತ್ತು ವರ್ಷ ಹಾಲು ಕರೆದ ಹೆಂಗಸು ತನ್ನ ಹಾಲಿನ ಅಂಕಿಯನ್ನು ತನ್ನ ಕಣ್ಣಿಂದ ನೋಡಬೇಕು ಎನ್ನುತ್ತಿದ್ದಳು. ಡೈರಿಯ ಮುಂದೆ ಕ್ಯಾನು, ಸೊಂಟದ ಬಿಂದಿಗೆ, ಸ್ಟೀಲ್ ಡಬರಿ ಹಿಡಿದು ಸಾಲು ನಿಲ್ಲುವ ಹೆಂಗಸರ ನಡುವೆ ಅವಳಿಗೊಂದು ಜಾಗವಿತ್ತು. ಯಾರ ಹಸು ಗಬ್ಬವಾಯಿತು, ಯಾರ ಮಗಳಿಗೆ ವರ ನೋಡಿ ಹೋದರು, ಕೋಲಾರದ ಮಾರ್ಕೆಟ್‌ನಲ್ಲಿ ಟೊಮೆಟೊ ಬಾಕ್ಸ್ ಎಷ್ಟಕ್ಕೆ ಹೋಯಿತು, ಎಲ್ಲವೂ ಆ ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು. ಮಂಡಿ ಹೋದ ದಿನ ಅದೂ ಹೋಯಿತು.

ಅವಳ ಎರಡು ಮಂಡಿಯೂ ಸವೆದಿವೆ. ಹೃದಯದ ತೊಂದರೆ ಇರುವುದರಿಂದ ಆಪರೇಷನ್ ಬೇಡ ಎಂದು ಡಾಕ್ಟರು ಹೇಳಿದರು. ಕುಕ್ಕರಗಾಲಲ್ಲಿ ಕೂತು ಹಾಲು ಕರೆದದ್ದು, ತಲೆ ಮೇಲೆ ಮೇವಿನ ಹೊರೆ, ಬಿಂದಿಗೆ ನೀರು, ಎಲ್ಲಾ ಸೇರಿ ಎಕ್ಸ್‌ರೇಯಲ್ಲಿ ಕಾಣಿಸಿದವು. ನಮ್ಮ ಬೀದಿ ಒಂದರಲ್ಲೇ ಗೋಡೆ ಹಿಡಿದು ನಡೆಯುವವರು ಐದು ಜನರಿದ್ದಾರೆ. ಕೆರೆ ಬತ್ತಿ, ಬೋರ್‌ವೆಲ್ ಸಾವಿರ ಅಡಿ ದಾಟಿದ ಮೇಲೆ ಕೋಲಾರ ಸೀಮೆಯ ನೀರಿನ ಜೊತೆ ಫ್ಲೋರೈಡ್ ಕೂಡ ಮೇಲೆ ಬಂತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ್ದನ್ನು ಚಿಕ್ಕಂದಿನಿಂದ ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ, ಆಮೇಲೆ ಕೀಲು ಬಿಗಿಯುತ್ತದೆ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯ ಯಾವ ಹಳ್ಳಿಗೆ ಹೋದರೂ ಈ ಮಾತು ಹೊಸದಲ್ಲ. ಶುದ್ಧ ನೀರಿನ ಘಟಕಗಳು ಬಂದದ್ದು ಈಚೆಗೆ. ಅಮ್ಮ ಆ ಹೊತ್ತಿಗೆ ಅರವತ್ತು ದಾಟಿದ್ದಳು.

ನಮ್ಮೂರು ಆವನಿ ಬೆಟ್ಟ ಎದುರಿಗೆ ಕಾಣುವ ಒಂದು ಸಣ್ಣ ಹಳ್ಳಿ. ಆವನಿ ಎಂದರೆ ನಮಗೆ ಬೆಟ್ಟ, ಅದರ ಬುಡದ ರಾಮಲಿಂಗೇಶ್ವರನ ಗುಡಿ, ಶಿವರಾತ್ರಿಯ ಜಾತ್ರೆ. ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ನಾಲ್ಕು ಲಿಂಗಗಳು ಒಂದೇ ಪ್ರಾಕಾರದಲ್ಲಿವೆ. ನೊಳಂಬರ ಕಾಲದ, ಸಾವಿರ ವರ್ಷ ದಾಟಿದ ಗುಡಿಗಳು. ಬೆಟ್ಟದ ಮೇಲೆ ವಾಲ್ಮೀಕಿಯ ಆಶ್ರಮವಿತ್ತು, ಸೀತಮ್ಮ ಲವಕುಶರನ್ನು ಹೆತ್ತದ್ದು ಅಲ್ಲೇ ಎಂದು ಊರವರ ನಂಬಿಕೆ. ನೆತ್ತಿಯ ಮೇಲೆ ಸೀತಾ ಪಾರ್ವತಿಯ ಗುಡಿ ಇದೆ. ಮಕ್ಕಳಾಗದ ಹೆಂಗಸರು ಹರಕೆ ಹೊತ್ತು ಆ ಬಂಡೆಗಳನ್ನು ಹತ್ತುತ್ತಾರೆ. ಅಮ್ಮನೂ ಹತ್ತಿದವಳೇ, ನನಗಾಗಿ. ಆಮೇಲೆ ನಾನು ಹುಟ್ಟಿದ್ದಕ್ಕೆಂದು ವರ್ಷಕ್ಕೊಮ್ಮೆ ಹತ್ತಿದಳು.

ಬ್ಯಾಟರಿ ಗಾಡಿ ತರುವ ಮಾತೆತ್ತಿದಾಗ ನಾನು ಮೊದಲು ನೆನೆದದ್ದು ಆ ಬೆಟ್ಟವನ್ನು. "ಅಮ್ಮ, ಗಾಡಿ ಬಂದರೆ ನಿನಗೆ ಎಲ್ಲಿಗೆ ಹೋಗಬೇಕು?" ಎಂದು ಕೇಳಿದೆ. ಸೀತಮ್ಮನ ಗುಡಿ ಎನ್ನುತ್ತಾಳೆ, ಅದು ಆಗದ ಮಾತು ಎಂದು ಹೇಗೆ ಹೇಳುವುದು ಎಂಬ ಅಳುಕಿತ್ತು. ಅವಳು ಯೋಚಿಸಲೇ ಇಲ್ಲ. "ಡೈರಿಗೆ" ಅಂದಳು. ಸ್ವಲ್ಪ ತಡೆದು, "ನೀರಿನ ಘಟಕದ ತಾವಕ್ಕೆ. ಜಾತ್ರೇಲಿ ಒಂದು ದಿನ ದನ ನೋಡಕ್ಕೆ. ಅಷ್ಟೇ ಕಣಪ್ಪಾ" ಅಂದಳು. ಬೆಟ್ಟವನ್ನು ಅವಳು ಆಗಲೇ ಕಣ್ಣಿನಿಂದ ಕೈಮುಗಿಯುವ ಜಾಗಕ್ಕೆ ಸೇರಿಸಿಯಾಗಿತ್ತು. ಆ ಮೂರು ಹೆಸರನ್ನು ನಾನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಅದಕ್ಕಿಂತ ಒಳ್ಳೆಯ ಪಟ್ಟಿಯನ್ನು ಯಾವ ಅಂಗಡಿಯವರೂ ನನಗೆ ಕೊಡಲಿಲ್ಲ.

ಆದರೂ ಮೊದಲಿಗೆ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಗಾಡಿಗಳನ್ನು ನೋಡಿದೆ.

ಹಳ್ಳಿಗಳಲ್ಲಿ ನಾವು ಹೆಚ್ಚಾಗಿ ಕಾಣುವುದು ಹಿಂದಿನ ಚಕ್ರದ ಎರಡೂ ಕಡೆ ಇನ್ನೊಂದೊಂದು ಚಕ್ರ ಕೂಡಿಸಿದ ಪೆಟ್ರೋಲ್ ಸ್ಕೂಟರು. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಇಂಥದ್ದನ್ನು ಫಲಾನುಭವಿಗಳಿಗೆ ಕೊಡುತ್ತದೆ. ಪೋಲಿಯೊದಿಂದ ಕಾಲು ಸೊರಗಿದ ನನ್ನ ಓರಗೆಯ ಗೆಳೆಯನೊಬ್ಬ ಅದರಲ್ಲೇ ಮುಳಬಾಗಿಲಿಗೆ ಹೋಗಿಬರುತ್ತಾನೆ, ಅಂಗಡಿ ಇಟ್ಟಿದ್ದಾನೆ, ಮಕ್ಕಳನ್ನು ಶಾಲೆಗೆ ಬಿಡುತ್ತಾನೆ. ಅದು ಅವನ ಬದುಕನ್ನೇ ಎತ್ತಿ ನಿಲ್ಲಿಸಿತು. ಆದರೆ ಅದಕ್ಕೆ ಲೈಸೆನ್ಸ್ ಬೇಕು, ಆಕ್ಸಿಲರೇಟರ್ ಹಿಡಿತ ಬೇಕು. ಸೈಕಲ್ಲನ್ನೂ ತುಳಿಯದ ಎಪ್ಪತ್ತೊಂದರ ಹೆಂಗಸಿಗೆ ಅದು ಒದಗುವುದಿಲ್ಲ. ನಮ್ಮ ಜಿಲ್ಲೆಯ ನರಸಾಪುರದಲ್ಲೇ ಹೋಂಡಾ ಕಂಪನಿ 2013ರಿಂದ ಸ್ಕೂಟರ್ ತಯಾರಿಸುತ್ತಿದೆ. ಹೆದ್ದಾರಿಯಲ್ಲಿ ಲಾರಿಗಟ್ಟಲೆ ಹೊಸ ಸ್ಕೂಟರುಗಳು ಹೋಗುವುದನ್ನು ನೋಡುವಾಗೆಲ್ಲ ಅಮ್ಮನ ನೆನಪಾಗುತ್ತಿತ್ತು.

ಇನ್ನೊಂದು, ಕಾನ್ಪುರದ ಅಲಿಮ್ಕೊದ ಮೋಟಾರು ಟ್ರೈಸಿಕಲ್. 1972ರಲ್ಲಿ ಶುರುವಾದ ಈ ಸರ್ಕಾರಿ ಸಂಸ್ಥೆಯ ಘಟಕ ಬೆಂಗಳೂರಿನಲ್ಲೂ ಇದೆ. ಕೇಂದ್ರದ ಎಡಿಪ್ ಯೋಜನೆಯಲ್ಲಿ ಅಂಗವೈಕಲ್ಯದ ಪ್ರಮಾಣಪತ್ರ ಇದ್ದವರಿಗೆ ಇದು ಸಿಗುತ್ತದೆ. ಅಮ್ಮನ ಬಳಿ ಆ ಪತ್ರವಿಲ್ಲ. ಹಿರಿಯರಿಗೆಂದೇ 2017ರಲ್ಲಿ ಬಂದ ವಯೋಶ್ರೀ ಯೋಜನೆಯಲ್ಲಿ ಊರುಗೋಲು, ವಾಕರ್, ಗಾಲಿಕುರ್ಚಿ, ಕಿವಿಯ ಸಾಧನ, ಕನ್ನಡಕ, ಹಲ್ಲುಸೆಟ್ಟು ಕೊಡುತ್ತಾರೆ. ಬ್ಯಾಟರಿ ಗಾಡಿ ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಕೈಯಿಂದ ದುಡ್ಡು ಹಾಕಿಯೇ ಕೊಳ್ಳುವುದು ಎಂದು ತೀರ್ಮಾನಿಸಿದೆ.

ಮಾರುಕಟ್ಟೆಯಲ್ಲಿ ಮೂರು ಬಗೆ ಕಂಡೆ. ಜಾಯ್‌ಸ್ಟಿಕ್ ತಿರುಗಿಸಿ ನಡೆಸುವ ಎಲೆಕ್ಟ್ರಿಕ್ ವೀಲ್‌ಚೇರ್ ಒಂದು. ಇದರ ಮೂಲ ಎರಡನೇ ಮಹಾಯುದ್ಧದಲ್ಲಿ ಕೈಕಾಲಿನ ಸ್ವಾಧೀನ ಕಳೆದುಕೊಂಡ ಸೈನಿಕರಿಗಾಗಿ ಕೆನಡಾದ ಜಾರ್ಜ್ ಕ್ಲೈನ್ ಎಂಬ ಎಂಜಿನಿಯರ್ ಮಾಡಿದ ಕೆಲಸ. ಎರಡನೆಯದು, ಗಾಲಿಕುರ್ಚಿಯ ಮುಂದಕ್ಕೆ ಮೋಟಾರಿನ ಚಕ್ರವೊಂದನ್ನು ಕೊಂಡಿಹಾಕಿ ಬೀದಿಗೆ ಇಳಿಯುವಂಥದ್ದು. ಮದರಾಸು ಐಐಟಿಯಲ್ಲಿ ಹುಟ್ಟಿದ ನಿಯೋಮೋಷನ್ ಕಂಪನಿಯ ನಿಯೋಬೋಲ್ಟ್ ಈ ಬಗೆಯದು. ಹರೆಯದವರಿಗೆ, ತೋಳಿನ ಬಲ ಇರುವವರಿಗೆ ಬಹಳ ಚೆನ್ನಾಗಿದೆ. ಮೂರನೆಯದು ಮೊಬಿಲಿಟಿ ಸ್ಕೂಟರು: ಕುರ್ಚಿಯಂಥ ಸೀಟು, ಮುಂದೆ ಹ್ಯಾಂಡಲ್, ನಡುವೆ ಕಾಲಿಡಲು ಚಪ್ಪಟೆ ಹಲಗೆ. 1968ರಲ್ಲಿ ಅಮೆರಿಕದ ಮಿಷಿಗನ್ನಿನ ಆಲನ್ ಥೀಮ್ ಎಂಬ ಕೊಳಾಯಿ ಕೆಲಸದವನು ನಡೆಯಲಾರದೆ ಹೋದ ತನ್ನ ಮನೆಯವಳಿಗಾಗಿ ಇಂಥದ್ದನ್ನು ಮೊದಲು ಕಟ್ಟಿದ. ಅದಕ್ಕೆ 'ಅಮಿಗೊ' ಎಂದು ಹೆಸರಿಟ್ಟ. ಸ್ಪ್ಯಾನಿಷ್‌ನಲ್ಲಿ ಗೆಳೆಯ ಎಂದು ಅರ್ಥ. ಈ ಸಂಗತಿ ತಿಳಿದಾಗ ನನಗೆ ಧೈರ್ಯ ಬಂತು. ಮೊದಲ ಗಾಡಿ ಒಂದು ಮನೆಯ ಒಬ್ಬ ಹೆಂಗಸಿನ ಅಳತೆಗೆ ಹುಟ್ಟಿದ್ದಾದರೆ, ನಾನೂ ಅಮ್ಮನ ಅಳತೆಯಿಂದಲೇ ಹೊರಡಬಹುದಲ್ಲ.

ಬೆಂಗಳೂರಿನ ಒಂದು ಅಂಗಡಿಗೆ ಹೋದೆ. ಕನ್ನಡಿಯಂಥ ಟೈಲ್ಸ್ ನೆಲ. ಅದರ ಮೇಲೆ ಎಲ್ಲಾ ಗಾಡಿಯೂ ಬೆಣ್ಣೆಯ ಮೇಲೆ ಹರಿದಂತೆ ಹರಿದವು. ಒಂದು ಸಣ್ಣ ಮೂರು ಚಕ್ರದ ಗಾಡಿ ತೋರಿಸಿ, ಒಂದು ಚಾರ್ಜಿಗೆ ಇಪ್ಪತ್ತೈದು ಕಿಲೋಮೀಟರ್ ಎಂದರು. ಅಡ್ವಾನ್ಸ್ ಕೊಡುವುದರಲ್ಲಿದ್ದೆ.

ಆಗ ಅಪ್ಪ ನೆನಪಾದರು. ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು. ಎತ್ತು ಕೊಳ್ಳಲು ಆವನಿ ಜಾತ್ರೆಗೆ ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. ಬಂಡೆ, ಬಯಲು, ಹುಣಸೆಮರದ ನೆರಳು ಎಲ್ಲೆಲ್ಲೂ ದನ. ಕೊಂಬಿಗೆ ಬಣ್ಣ, ಕೊರಳಿಗೆ ಗಂಟೆ, ಹಣೆಗೆ ಕುಚ್ಚು. ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವರು. ಅಪ್ಪ ಅವಸರ ಮಾಡುತ್ತಿರಲಿಲ್ಲ. ಹಲ್ಲು ನೋಡಿ, ಸುಳಿ ನೋಡಿ, ಗೊರಸು ಎತ್ತಿ ನೋಡಿ, ಕೊನೆಗೆ "ಸ್ವಲ್ಪ ನಡೆಸಪ್ಪಾ" ಎನ್ನುವರು. ನಡೆಸಿದ ಮೇಲೆ, "ಗಾಡಿಗೆ ಹೂಡು" ಎನ್ನುವರು. ಹೂಡಿದ ಮೇಲೆ, "ಅಗೋ ಆ ದಿಬ್ಬ ಹತ್ಸು" ಎನ್ನುವರು. "ನಿಂತಿರೋ ಎತ್ತು ಎಲ್ಲಾ ಚೆಂದಾಗೇ ಇರ್ತವೆ ಮಗಾ" ಎಂದು ನನಗೆ ಹೇಳುವರು. ಎರಡು ಜಾತ್ರೆ ನೋಡಿ ಮೂರನೆಯದರಲ್ಲಿ ಎತ್ತು ಕೊಂಡ ವರ್ಷವೂ ಇತ್ತು.

ನಾನು ಅಡ್ವಾನ್ಸ್ ಕೊಡದೆ ಊರಿಗೆ ಬಂದು ಟೇಪು ಹಿಡಿದೆ.

ಮನೆಯ ಬಾಗಿಲು ಮೂವತ್ತೆರಡು ಇಂಚು ಅಗಲ, ಹೊಸ್ತಿಲು ಐದು ಇಂಚು ಎತ್ತರ. ಹೊಸ್ತಿಲು ಕೆತ್ತಿಸೋಣವೇ ಎಂದೆ. ಅರಿಶಿನ ಕುಂಕುಮ ಇಡುವ ಹೊಸ್ತಿಲು. ಅಮ್ಮ ಒಪ್ಪಲಿಲ್ಲ, ನನಗೂ ಮನಸ್ಸು ಬರಲಿಲ್ಲ. ಅಲ್ಲಿಗೆ ಒಂದು ದೊಡ್ಡ ಪ್ರಶ್ನೆ ತಾನಾಗಿ ಬಗೆಹರಿಯಿತು. ಗಾಡಿ ಮನೆಯೊಳಗೆ ಬರುವುದಿಲ್ಲ. ಒಳಗೆ ವಾಕರ್, ಹೊರಗೆ ಗಾಡಿ. ಒಳಗೆ ಬರದ ಗಾಡಿಗೆ ಸಣ್ಣ ಮೈಯ ಅಗತ್ಯವಿಲ್ಲ, ಮಡಚುವ ಅಗತ್ಯವಿಲ್ಲ. ಅಂಗಡಿಯವರು ಹೊಗಳಿದ್ದ ಎರಡು ಗುಣಗಳು ನಮಗೆ ಬೇಡವಾದವು.

ಜಗಲಿಯಿಂದ ಡೈರಿಗೆ 410 ಮೀಟರ್. ಬೆಳಿಗ್ಗೆ ಸಂಜೆ ಎರಡು ಸಲ ಹೋಗಿಬಂದರೆ ಒಂದು ಕಿಲೋಮೀಟರ್ 640 ಮೀಟರ್. ನೀರಿನ ಘಟಕ ಸೇರಿಸಿದರೂ ದಿನಕ್ಕೆ ಮೂರು ಕಿಲೋಮೀಟರ್ ದಾಟದು. ಇಪ್ಪತ್ತೈದು ಕಿಲೋಮೀಟರಿನ ಗಾಡಿಗೆ ಹೆಚ್ಚು ದುಡ್ಡು ಕೊಡುವುದು ಏಕೆ? ಆ ಅಂಕಿಯಾದರೂ ಸಮನಾದ ನೆಲದ ಮೇಲೆ, ಹಗುರ ಮೈಯವರು ಕೂತಾಗ, ಹೊಸ ಬ್ಯಾಟರಿಯಲ್ಲಿ ಸಿಗುವುದು. ಏರು, ಕಲ್ಲು, ಹಳೆಯ ಬ್ಯಾಟರಿ ಸೇರಿದರೆ ಅದರ ಅರ್ಧವನ್ನೇ ಲೆಕ್ಕಕ್ಕೆ ಹಿಡಿಯಬೇಕು.

ದಾರಿಯಲ್ಲಿ ಅರಳಿಕಟ್ಟೆಯ ಪಕ್ಕ ಒಂದು ಏರಿದೆ. ನಡೆಯುವವರಿಗೆ ಅದು ಏರೆಂದೇ ಅನ್ನಿಸುವುದಿಲ್ಲ. ಗಾರೆ ಕೆಲಸದವರು ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡುತ್ತಾರಲ್ಲ, ಹಾಗೆ ಚಿಕ್ಕಪ್ಪನ ಮಗನೂ ನಾನೂ ಹಿಡಿದು ನೋಡಿದೆವು. ಹತ್ತು ಅಡಿ ಉದ್ದಕ್ಕೆ ಹದಿನಾಲ್ಕು ಇಂಚು ಏರುತ್ತದೆ. ಆರೂವರೆ ಡಿಗ್ರಿಗೂ ಸ್ವಲ್ಪ ಹೆಚ್ಚು. ಬೆಂಗಳೂರಿನ ಆ ಸಣ್ಣ ಗಾಡಿಯ ಕಾಗದ ತೆಗೆದು ನೋಡಿದೆ: ಆರು ಡಿಗ್ರಿವರೆಗೆ ಎಂದಿತ್ತು. ಕೊಂಡಿದ್ದರೆ ಅಮ್ಮ ಅರಳಿಕಟ್ಟೆಯ ಹತ್ತಿರ ದಿನಾ ನಿಂತುಬಿಡುತ್ತಿದ್ದಳು. ಏರಿನ ನಡುವೆ ಮೋಟಾರು ಸೋತರೆ ಮುಂದಕ್ಕೂ ಹೋಗಲಾರದು, ಕೂತವರು ಇಳಿಯಲೂ ಆಗದು.

ಊರಿನ ಸಿಮೆಂಟ್ ರಸ್ತೆಯ ಅಂಚು ಮಣ್ಣಿಗೆ ಇಳಿಯುವಲ್ಲಿ ನಾಲ್ಕು ಇಂಚಿನ ಮೆಟ್ಟಿಲಾಗಿದೆ. ಚರಂಡಿಯ ಮೇಲೆ ಹಾಸಿದ ಎರಡು ಚಪ್ಪಡಿಗಳ ನಡುವೆ ಮೂರು ಬೆರಳಿನ ಸಂದು. ಅಂಗಡಿ ಗಾಡಿಯ ಪುಟ್ಟ ಚಕ್ರ ಆ ಸಂದಿಗೆ ಹೇಳಿ ಮಾಡಿಸಿದ ಹಾಗಿತ್ತು. ಚಕ್ರ ದೊಡ್ಡದಿರಬೇಕು, ಹೊಟ್ಟೆ ನೆಲಕ್ಕೆ ತಾಗಬಾರದು. ಕೆರೆಯ ಕಡೆ ಬಳ್ಳಾರಿ ಜಾಲಿ ಬೆಳೆದು ನಿಂತಿದೆ, ಸೌದೆಗೆ ಕಡಿದು ತರುವವರಿಂದ ಬೀದಿಯ ತುಂಬ ಮುಳ್ಳು. ಗಾಳಿ ತುಂಬಿದ ಟೈರು ಮೆತ್ತಗೆ ಓಡುತ್ತದೆ ನಿಜ, ಸವೆದ ಮಂಡಿಗೂ ಸೊಂಟಕ್ಕೂ ಅದೇ ಹಿತ. ಆದರೆ ಪಂಕ್ಚರ್ ಆದ ಗಾಡಿಯಲ್ಲಿ ನಡೆಯಲಾರದವರು ನಡುಬೀದಿಯಲ್ಲಿ ಉಳಿಯುತ್ತಾರೆ. ಗಟ್ಟಿ ಟೈರೇ ಇರಲಿ, ಸೀಟು ಮೆತ್ತಗಿರಲಿ ಎಂದುಕೊಂಡೆ.

ಮೂರು ಚಕ್ರವೋ ನಾಲ್ಕೋ ಎಂಬುದಕ್ಕೆ ಜಾತ್ರೆಯ ಬಯಲು ಉತ್ತರ ಕೊಟ್ಟಿತು. ಮೂರು ಚಕ್ರದ್ದು ಕಿರಿದಾದ ಜಾಗದಲ್ಲಿ ಬೇಗ ತಿರುಗುತ್ತದೆ, ಕಾಲಿಗೂ ಜಾಗ ಹೆಚ್ಚು. ಆದರೆ ಓರೆಯಾದ ನೆಲದಲ್ಲಿ ತಿರುಗಿಸಿದರೆ ಒಂದು ಕಡೆಗೆ ವಾಲುತ್ತದೆ. ಆವನಿಯ ಬಯಲಲ್ಲಿ ಸಮನಾದ ನೆಲ ಎಲ್ಲಿದೆ? ನಾಲ್ಕು ಚಕ್ರ ಎಂದು ಬರೆದುಕೊಂಡೆ. ಹಿಂದೆ ಬೀಳದಂತೆ ತಡೆಯುವ ಎರಡು ಸಣ್ಣ ಗಾಲಿಗಳು ಇರಲೇಬೇಕು.

ಬ್ಯಾಟರಿಯ ವಿಷಯದಲ್ಲಿ ಎಲ್ಲರೂ ಲಿಥಿಯಂ ಎಂದರು. ಹಗುರ, ಬಾಳಿಕೆ ಹೆಚ್ಚು, ಬೇಗ ಚಾರ್ಜ್ ಆಗುತ್ತದೆ. ಗಾಡಿಯನ್ನು ದಿನವೂ ಕಾರಿನ ಡಿಕ್ಕಿಗೆ ಎತ್ತಿಡುವವರಿಗೆ ಅದೇ ಸರಿ. ಅಮ್ಮನ ಗಾಡಿಯನ್ನು ಎತ್ತುವ ಪ್ರಮೇಯವಿಲ್ಲ. ಸೀಸದ ಬ್ಯಾಟರಿಯಾದರೆ ಹಳತಾದಾಗ ಮುಳಬಾಗಿಲಿನಲ್ಲಿ ಟ್ರ್ಯಾಕ್ಟರಿಗೂ ಯುಪಿಎಸ್‌ಗೂ ಬ್ಯಾಟರಿ ಮಾರುವ ಅಂಗಡಿಯವರೇ ಅಂಥದ್ದನ್ನು ತರಿಸಿ ಹಾಕಿಕೊಡುತ್ತೇವೆ ಎಂದರು. ಲಿಥಿಯಂ ಪೆಟ್ಟಿಗೆ ಕೆಟ್ಟರೆ ಬೆಂಗಳೂರಿಗೆ ಕಳಿಸಬೇಕು. ಅಷ್ಟು ದಿನ ಅಮ್ಮ ಮತ್ತೆ ಜಗಲಿಯ ಮೇಲೆ. ನಾನು ಸೀಸದ್ದನ್ನೇ ಆರಿಸಿದೆ, ಈಗಲೂ ಹಳ್ಳಿಯವರು ಕೇಳಿದರೆ ಅದನ್ನೇ ಹೇಳುತ್ತೇನೆ. ಒಂದು ನಿಯಮ ಮಾತ್ರ ತಪ್ಪಬಾರದು: ಓಡಿಸಿದ ದಿನ ರಾತ್ರಿ ಚಾರ್ಜಿಗೆ ಹಾಕಬೇಕು. ಖಾಲಿಯಾಗಿ ವಾರಗಟ್ಟಲೆ ಬಿಟ್ಟ ಸೀಸದ ಬ್ಯಾಟರಿ ಸಾಯುತ್ತದೆ.

"ಕರೆಂಟು ಜಾಸ್ತಿ ಎಳೆದು ಗೃಹಜ್ಯೋತಿ ಹೋಗ್ಬಿಟ್ರೆ?" ಎಂದು ಅಮ್ಮ ಹೆದರಿದಳು. ಲೆಕ್ಕ ಹಾಕಿ ತೋರಿಸಿದೆ. ಹನ್ನೆರಡು ವೋಲ್ಟಿನ, ಇಪ್ಪತ್ತು ಆಂಪಿಯರ್ ಅವರ್‌ನ ಎರಡು ಬ್ಯಾಟರಿ ಎಂದರೆ 480 ವ್ಯಾಟ್ ಅವರ್, ಅರ್ಧ ಯೂನಿಟ್ಟು. ಪೂರ್ತಿ ಖಾಲಿಯಿಂದ ತುಂಬಿಸಿದರೂ, ಚಾರ್ಜರಿನಲ್ಲಿ ಸೋರುವುದನ್ನು ಸೇರಿಸಿದರೂ ಒಂದು ಯೂನಿಟ್ ಆಗದು. ನಮ್ಮ ಓಡಾಟಕ್ಕೆ ತಿಂಗಳಿಗೆ ಐದಾರು ಯೂನಿಟ್. ಅವಳು ಬೆರಳು ಮಡಚಿ ಎಣಿಸಿ, ಸರಿ ಅಂದಳು.

ಇಷ್ಟೆಲ್ಲ ಅಳೆದು, ಬರೆದು, ಎರಡನೆಯ ಸಲ ಬೆಂಗಳೂರಿಗೆ ಹೋಗುವಾಗ ಅಮ್ಮನನ್ನೇ ಕರೆದೊಯ್ದೆ. ಚಿಕ್ಕಪ್ಪನ ಮಗ ಪರಿಚಯದವರ ಕಾರು ತಂದ. ಬೇರೆ ಅಂಗಡಿ. ಮೊದಲೇ ಫೋನು ಮಾಡಿ, ಹೊರಗೆ ರಸ್ತೆಯ ಮೇಲೆ ಓಡಿಸಿ ನೋಡುತ್ತೇವೆ ಎಂದಿದ್ದೆ. ಅವರು ಒಪ್ಪಿದರು. ಒಪ್ಪದ ಅಂಗಡಿಯಲ್ಲಿ ಕೊಳ್ಳಬಾರದು.

ಮೊದಲು ಜಾಯ್‌ಸ್ಟಿಕ್ಕಿನ ವೀಲ್‌ಚೇರ್‌ನಲ್ಲಿ ಕೂರಿಸಿದರು. ಅಮ್ಮನಿಗೆ ಬಹಳ ಹಿಡಿಸಿತು. ಒಂದು ಬೆರಳಿನಲ್ಲಿ ಹಿಂದೆ ಮುಂದೆ ತಿರುಗಿಸಿದಳು, ಮುಖ ಅರಳಿತು. ನನ್ನ ಮನಸ್ಸೂ ಅದಕ್ಕೇ ವಾಲಿತು. ಅಷ್ಟರಲ್ಲಿ ಅವಳು ಕಾಲಿಡುವ ಎರಡು ಪುಟ್ಟ ರೆಕ್ಕೆಗಳನ್ನು ನೋಡಿ ಕೇಳಿದಳು.

"ಹಾಲಿನ ಕ್ಯಾನು ಎಲ್ಲಿಕ್ಕೋದು?"

ಅಂಗಡಿಯ ಹುಡುಗ ಸುಮ್ಮನಾದ. ನಾನೂ ಸುಮ್ಮನಾದೆ. ದಾರಿ ಅಳೆದಿದ್ದೆ, ಏರು ಅಳೆದಿದ್ದೆ, ಮುಳ್ಳು ಎಣಿಸಿದ್ದೆ. ಡೈರಿಗೆ ಯಾಕೆ ಹೋಗುತ್ತಾಳೆ ಎಂಬುದನ್ನು ನಾನು ಗಾಡಿಯ ಮೇಲೆ ಇಟ್ಟು ನೋಡಿರಲಿಲ್ಲ. ಹತ್ತು ಲೀಟರಿನ ಕ್ಯಾನು, ತುಂಬಿದರೆ ಹತ್ತು ಕೆಜಿ ಮೀರುತ್ತದೆ. ತೊಡೆಯ ಮೇಲೆ ಇಟ್ಟುಕೊಳ್ಳುವಂತಿಲ್ಲ. ಹಿಂದೆ ನೇತುಹಾಕಿದರೆ ಏರಿನಲ್ಲಿ ಭಾರ ಹಿಂದಕ್ಕೆ ಎಳೆದು ಗಾಡಿ ಎತ್ತುತ್ತದೆ. ಸ್ಕೂಟರಿನ ಮುಂದಿನ ಬುಟ್ಟಿ ನಾಲ್ಕೈದು ಕೆಜಿಗೆ ಮಾಡಿದ್ದು. ಆದರೆ ಸ್ಕೂಟರಿಗೆ ಆ ಚಪ್ಪಟೆ ಹಲಗೆ ಇದೆಯಲ್ಲ. ನಾವು ಕಾರಿನಿಂದ ನಮ್ಮ ನೀರಿನ ಕ್ಯಾನು ತಂದು ಅಮ್ಮನ ಎರಡು ಪಾದಗಳ ನಡುವೆ ಇಟ್ಟೆವು. ಕೂತಿತು. ಹ್ಯಾಂಡಲಿನ ಕಂಬಕ್ಕೆ ಒಂದು ಬೆಲ್ಟಿನಿಂದ ಬಿಗಿದೆವು. ಅಲ್ಲಾಡಲಿಲ್ಲ. ಅಲ್ಲಿಗೆ ಸ್ಕೂಟರು ಎಂದು ತೀರ್ಮಾನವಾಯಿತು.

ಅವಳ ಇನ್ನೆರಡು ಮಾತುಗಳೂ ಅಷ್ಟೇ ಬೆಲೆಯವು. ಈ ಗಾಡಿಗಳನ್ನು ಹೆಬ್ಬೆರಳಿನಿಂದ ಒಂದು ಲಿವರ್ ಒತ್ತಿ ಹಿಡಿದು ನಡೆಸಬೇಕು. ಬಿಟ್ಟರೆ ತಾನೇ ನಿಲ್ಲುತ್ತದೆ, ನಿಂತಾಗ ಬ್ರೇಕ್ ತಾನೇ ಬೀಳುತ್ತದೆ, ಏರಿನಲ್ಲೂ ಜಾರುವುದಿಲ್ಲ. ಬ್ರೇಕ್ ಹಿಡಿಯುವ ಶಕ್ತಿ ಇಲ್ಲದ ಕೈಗೆ ಇದು ದೊಡ್ಡ ಭದ್ರತೆ. ಆದರೆ ಐದು ನಿಮಿಷಕ್ಕೇ ಅಮ್ಮ ಹೆಬ್ಬೆರಳು ಹಿಚುಕಿಕೊಂಡಳು. ಐವತ್ತು ವರ್ಷ ಕೆಚ್ಚಲು ಹಿಂಡಿದ ಹೆಬ್ಬೆರಳಿನ ಬುಡ ಮಂಡಿಗಿಂತ ಮೊದಲೇ ಸವೆದಿತ್ತು. ನಾಲ್ಕು ಬೆರಳಿನಿಂದ ತನ್ನ ಕಡೆಗೆ ಎಳೆದುಕೊಳ್ಳುವ ಲಿವರ್ ಇರುವ ಮಾದರಿಯನ್ನು ಅವರು ಒಳಗಿನಿಂದ ತಂದು ತೋರಿಸಿದರು. ಅದು ಅವಳ ಕೈಗೆ ಒದಗಿತು.

ಇನ್ನೊಂದು, ಸೀರೆ. ಪ್ಯಾಂಟು ಹಾಕುವವರ ದೇಶದಲ್ಲಿ ಹುಟ್ಟಿದ ಗಾಡಿ ಇದು. ಹಿಂದಿನ ಚಕ್ರ ಸೀಟಿನ ಪಕ್ಕದಲ್ಲೇ ತೆರೆದುಕೊಂಡಿತ್ತು. ಕೂತ ಕೂಡಲೇ ಅಮ್ಮ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡದ್ದನ್ನು ನೋಡಿ ನನಗೆ ಅಪಾಯ ಕಾಣಿಸಿತು. ನಮ್ಮ ದೇಶದ ಮೋಟಾರು ಸೈಕಲ್ಲುಗಳಿಗೆ ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಅಡ್ಡ ಕಟ್ಟಬೇಕೆಂದು ನಿಯಮವೇ ಇದೆ, ಸೀರೆ ಗಾರ್ಡ್ ಎಂದು ಕರೆಯುತ್ತೇವೆ. ಮುಳಬಾಗಿಲಿನ ವೆಲ್ಡಿಂಗ್ ಅಂಗಡಿಯಲ್ಲಿ ಎರಡೂ ಕಡೆಗೆ ತೆಳು ತಗಡಿನ ರೆಕ್ಕೆ ಹಾಕಿಸಿದೆ. ಸೀರೆ ಉಡುವ ತಾಯಂದಿರಿಗೆ ಇಂಥ ಗಾಡಿ ಕೊಳ್ಳುವ ಎಲ್ಲರೂ ಇದನ್ನು ಮೊದಲ ದಿನವೇ ಮಾಡಿಸಬೇಕು.

ಕೊಳ್ಳುವವರು ಕೇಳಲೇಬೇಕಾದ ಮಾತು ಇನ್ನೂ ಒಂದೆರಡಿವೆ. ಮೋಟಾರಿನ ವ್ಯಾಟ್ ಎಷ್ಟು, ವೇಗ ಎಷ್ಟು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಇದ್ದು, ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರುವ ಬ್ಯಾಟರಿ ಗಾಡಿಯನ್ನು ನಮ್ಮ ನಿಯಮ ಮೋಟಾರು ವಾಹನವೆಂದು ಎಣಿಸುವುದಿಲ್ಲ. ನಮ್ಮದು ಗಂಟೆಗೆ ಎಂಟು ಕಿಲೋಮೀಟರ್ ದಾಟದು, ಮೆಲ್ಲಗೆ ಓಡುವವರ ಜೊತೆ ಹೋಗುವಷ್ಟು. ಅಂಗವಿಕಲರ ಗಾಡಿಗಳಿಗೆ ಜಿಎಸ್‌ಟಿ ಶೇ 5 ಮಾತ್ರ, ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಹಿಂದೆ ಒಂದು ಸಣ್ಣ ಹಿಡಿ ಇರುತ್ತದೆ, ಅದನ್ನು ಎಳೆದರೆ ಮೋಟಾರು ಕಳಚಿಕೊಂಡು ಗಾಡಿಯನ್ನು ಕೈಯಿಂದ ತಳ್ಳಬಹುದು. ಆಗ ಬ್ರೇಕೂ ಇರುವುದಿಲ್ಲ. ಏರಿನಲ್ಲಿ ಅದನ್ನು ಯಾರೂ ಮುಟ್ಟಬಾರದು. ಬೀದಿಯ ಮಕ್ಕಳನ್ನೆಲ್ಲ ಕೂಡಿಸಿ ಅದೊಂದನ್ನು ತೋರಿಸಿ ಹೇಳಿದ್ದೇವೆ.

ಗಾಡಿ ಬಂದು ಎಂಟು ತಿಂಗಳಾಯಿತು. ಜಗಲಿಯ ಪಕ್ಕ ತಗಡಿನ ಚಪ್ಪರದ ಕೆಳಗೆ ನಿಲ್ಲುತ್ತದೆ. ಬೀದಿಗೆ ಇಳಿಯಲು ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಕಲ್ಲು ಚಪ್ಪಡಿಯೊಂದನ್ನು ಓರೆಯಾಗಿ ಹಾಸಿದ್ದೇವೆ. ಮೊದಲ ವಾರ ಹಸುಗಳು ಬೆದರಿದವು, ಆಮೇಲೆ ಒಗ್ಗಿಕೊಂಡವು. ಚಿಕ್ಕಪ್ಪನ ಮಗ ಹಾಲು ಕರೆದು ಕ್ಯಾನು ಕಟ್ಟಿಕೊಡುತ್ತಾನೆ. ಅಮ್ಮ ಆರೂಕಾಲಿಗೇ ಹೊರಡುತ್ತಾಳೆ, ಸಾಲಿನಲ್ಲಿ ಮುಂದಿರಬೇಕೆಂದು. ಕಳೆದ ಶಿವರಾತ್ರಿಯಲ್ಲಿ ಗೂಡ್ಸ್ ಆಟೋದಲ್ಲಿ ಗಾಡಿ ಏರಿಸಿಕೊಂಡು ಆವನಿಗೆ ಹೋದೆವು. ಬಯಲಿನಲ್ಲಿ ದನಗಳ ನಡುವೆ ಅವಳು ತಾನೇ ನಡೆಸಿಕೊಂಡು ಹೋಗಿ, ಒಂದು ಜೋಡಿ ಎತ್ತಿನ ಮುಂದೆ ನಿಲ್ಲಿಸಿ ಬಹಳ ಹೊತ್ತು ನೋಡಿದಳು. "ನಿಮ್ಮಪ್ಪ ಇದ್ದಿದ್ರೆ ಈ ಬಲಗಡೆದನ್ನ ಒಪ್ತಿರಲಿಲ್ಲ" ಎಂದಳು. ಆಮೇಲೆ ಬೆಟ್ಟದ ಕಡೆ ತಿರುಗಿ ಕೈಮುಗಿದಳು.

ಒಂದು ಕೆಲಸ ಮಾತ್ರ ಗಾಡಿಯಿಂದ ಆಗಿಲ್ಲ. ಡೈರಿಯ ಕಟ್ಟಡಕ್ಕೆ ಮೂರು ಮೆಟ್ಟಿಲುಗಳಿವೆ. ಅಮ್ಮ ಕೆಳಗೆ ನಿಲ್ಲುತ್ತಾಳೆ, ಯಾರಾದರೂ ಕ್ಯಾನು ಎತ್ತಿ ಒಳಗೆ ಕೊಡುತ್ತಾರೆ, ಅಂಕಿಯನ್ನು ಒಳಗಿನಿಂದ ಕೂಗಿ ಹೇಳುತ್ತಾರೆ. ಪ್ರೀತಿಯಿಂದಲೇ ಕೂಗುತ್ತಾರೆ. ಅವಳಿಗೆ ಆ ಮಿಷನ್ನಿನ ಕೆಂಪು ಅಂಕಿ ಕಾಣಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕರು ಬಳಸುವ ಕಟ್ಟಡಗಳೆಲ್ಲ ಅಂಗವಿಕಲರೂ ಒಳಗೆ ಹೋಗಿಬರುವಂತಿರಬೇಕು ಎನ್ನುತ್ತದೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳು ಸ್ವಂತ ವರಮಾನದ ಶೇ 5ನ್ನು ವಿಕಲಚೇತನರಿಗಾಗಿ ತೆಗೆದಿಡಬೇಕು. ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ನಮ್ಮಲ್ಲಿ ಅವರೇ ಡೈರಿಗೆ ಇಳಿಜಾರು ಕೇಳುವ ಅರ್ಜಿ ಬರೆಯಲು ನೆರವಾದರು. ಗೋಡೆ ಹಿಡಿದು ನಡೆಯುವ ಆ ಐದು ಜನರೂ ಹೆಬ್ಬೆಟ್ಟು, ಸಹಿ ಹಾಕಿದ್ದಾರೆ. ಮುಂದಿನ ಗ್ರಾಮಸಭೆಗೆ ಅಮ್ಮ ಗಾಡಿಯಲ್ಲೇ ಬರುತ್ತಾಳೆ. ನಿಮ್ಮ ಊರಲ್ಲೂ ಗ್ರಾಮಸಭೆ ಯಾವತ್ತು ಎಂದು ವಿಚಾರಿಸಿ, ಜಗಲಿಯ ಮೇಲೆ ಉಳಿದವರನ್ನು ಕರೆದುಕೊಂಡು ಹೋಗಿ, ಆ ಶೇ 5 ಎಲ್ಲಿದೆ ಎಂದು ಕೇಳಿ.

ನಮ್ಮ ಡೈರಿಯ ಮೆಟ್ಟಿಲು ಒಂದೊಂದೂ ಆರು ಇಂಚು, ಒಟ್ಟು ಹದಿನೆಂಟು. ಒಂದು ಇಂಚಿನ ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಎಂಬ ಲೆಕ್ಕದಲ್ಲಿ ಹದಿನೆಂಟು ಅಡಿ ಇಳಿಜಾರು ಬೇಕು. ಕಟ್ಟಡದ ಪಕ್ಕದ ಗೋಡೆಗುಂಟ ಇಪ್ಪತ್ತೆರಡು ಅಡಿ ಜಾಗವಿದೆ. ಅಳೆದಿದ್ದೇನೆ.